ಚುಕ್ಕಿ ನೋಡಿದರೆ ಸಾಲದು, ಖಾತೆ ಬರೆಯೋಣ

ನಮ್ಮೂರಿನಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಆರು ಗಂಟೆ ಪ್ರಯಾಣ. ನಮ್ಮ ಕಾಲೇಜಿನಲ್ಲಿ ಕಡಲನ್ನು ಇನ್ನೂ ಕಣ್ಣಾರೆ ನೋಡದವರು ಎಷ್ಟೋ ಮಂದಿ ಇದ್ದಾರೆ. ಆದರೆ ಕೈಯಲ್ಲಿ ಒಂದು ಮೊಬೈಲ್, ಅದರಲ್ಲಿ ಒಂದಿಷ್ಟು ಡೇಟಾ ಇದ್ದರೆ ಸಾಕು, ಸಾಗರದ ನಡುವೆ ಒಂಟಿಯಾಗಿ ಹೋಗುತ್ತಿರುವ ಹಾಯಿದೋಣಿ ಈ ಹೊತ್ತಿಗೆ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಬಹುದು. ಇದು ನಮ್ಮ ಕಾಲದ ದೊಡ್ಡ ಅನುಕೂಲ. ಆದರೂ ನನ್ನದೊಂದು ಮಾತಿದೆ. ಬೇರೆಯವರು ಓಡಿಸುವ ಚುಕ್ಕಿಯನ್ನು ಸುಮ್ಮನೆ ನೋಡುತ್ತ ಕೂತರೆ ಅದು ಟೈಂಪಾಸ್. ಆ ಚುಕ್ಕಿಯನ್ನು ನಾವೇ ನಕ್ಷೆಯ ಮೇಲಿಟ್ಟು, ಪಕ್ಕದಲ್ಲಿ ದಿನಾಂಕ, ದೂರ, ಕಾರಣ ಬರೆದರೆ ಅದು ಓದು. ಈ ಓದು ನಮ್ಮ ಕಾಲೇಜಿನಲ್ಲಿ ಶುರುವಾಗಬೇಕು ಎಂಬುದು ನನ್ನ ಆಸೆ.

ಉದಾಹರಣೆಗೆ ನಮ್ಮ ನೌಕಾಪಡೆಯ ‘ತಾರಿಣಿ’ಯನ್ನೇ ತೆಗೆದುಕೊಳ್ಳಿ. ಅದು 56 ಅಡಿ ಉದ್ದದ ಹಾಯಿದೋಣಿ. 2024ರ ಅಕ್ಟೋಬರ್ 2ರಂದು ಗೋವಾದಿಂದ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ, ಇಬ್ಬರೇ ಇಬ್ಬರು, ಅದರಲ್ಲಿ ಹೊರಟರು. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್ಟನ್, ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟಾನ್ಲಿ, ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಮುಟ್ಟಿ, 2025ರ ಮೇ 29ರಂದು ಗೋವಾಕ್ಕೆ ಮರಳಿದರು. ಒಟ್ಟು 238ಕ್ಕಿಂತ ಹೆಚ್ಚು ದಿನ, 25,000 ನಾಟಿಕಲ್ ಮೈಲಿಗಿಂತ ಹೆಚ್ಚು. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್.

ನಾನಾಗ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಟಿವಿಯಲ್ಲಿ ಈ ಸುದ್ದಿ ನೋಡಿದ ದಾದಿ ಅಂದಿನಿಂದ ನನ್ನನ್ನು ಬಿಡಲಿಲ್ಲ. ನಾನು ಪುಸ್ತಕ ಹಿಡಿದು ಕೂತಾಗಲೇ ಅವರ ಪ್ರಶ್ನೆ: “ವೋ ಛೋಕ್ರಿಯಾಂ ಕಾಂ ತಲಕ್ ಗಯೇ?” ಆ ಹುಡುಗಿಯರು ಎಲ್ಲಿವರೆಗೆ ಹೋದರು ಅಂತ. ಫ್ರೀಮ್ಯಾಂಟಲ್ ಅಂದರೆ ದಾದಿಗೆ ಏನು ಅರ್ಥವಾಗಬೇಕು? ನನಗಾದರೂ ಏನು ಗೊತ್ತಿತ್ತು? ಹಾಗಾಗಿ ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಒಂದು ಖಾಲಿ ನಕ್ಷೆ ತೆರೆದು, ಪತ್ರಿಕೆಯಲ್ಲಿ ಬಂದ ಬಂದರುಗಳ ಹೆಸರನ್ನು ಒಂದೊಂದಾಗಿ ಗುರುತು ಮಾಡತೊಡಗಿದೆ. ಎಕ್ಸೆಲ್ ಹಾಳೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ಎಂದು ಮೂರು ಕಾಲಂ ಮಾಡಿ ಅಪ್‌ಲೋಡ್ ಮಾಡಿದರೆ ಚುಕ್ಕಿಗಳು ತಾವಾಗಿಯೇ ಬಂದು ಕೂರುತ್ತವೆ. ವಾಣಿಜ್ಯ ವಿಭಾಗದವರಿಗೆ ಎಕ್ಸೆಲ್ ಹೊಸದೇನಲ್ಲ.

ಲೆಕ್ಕ ಹಾಕಿದಾಗಲೇ ಯಾನ ಅರ್ಥವಾಗುವುದು. ಗೋವಾದಿಂದ ಫ್ರೀಮ್ಯಾಂಟಲ್‌ಗೆ ಸುಮಾರು 4,900 ನಾಟಿಕಲ್ ಮೈಲಿ. ಅಲ್ಲಿಗೆ ಮುಟ್ಟಿದ್ದು ನವೆಂಬರ್ 9ಕ್ಕೆ, ಅಂದರೆ 38 ದಿನ. ದಿನಕ್ಕೆ ಸುಮಾರು 129 ಮೈಲಿ, ಗಂಟೆಗೆ ಸುಮಾರು ಐದೂವರೆ. ನಮ್ಮ ಲೆಕ್ಕದಲ್ಲಿ ಗಂಟೆಗೆ ಹತ್ತು ಕಿಲೋಮೀಟರ್. ನಮ್ಮ ಬೀದಿಯಲ್ಲಿ ಸೈಕಲ್ ಮೇಲೆ ಹಾಲು ತರುವವರು ಇದಕ್ಕಿಂತ ಜೋರಾಗಿ ಹೋಗುತ್ತಾರೆ! ಆ ವೇಗದಲ್ಲಿ, ಹಗಲು ರಾತ್ರಿ, ಇಬ್ಬರೇ ಸರದಿಯಲ್ಲಿ ದೋಣಿ ನಡೆಸಿ ಭೂಮಿಯನ್ನು ಸುತ್ತಿದರು ಎಂದಾಗ ದಾದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಕೆಲಸದಲ್ಲಿ ಸಣ್ಣ ಚಿಹ್ನೆಗೂ ಬೆಲೆ ಇದೆ. 2025ರ ಜನವರಿ ಕೊನೆಗೆ ತಾರಿಣಿ ‘ಪಾಯಿಂಟ್ ನೀಮೋ’ ಎಂಬ ಜಾಗವನ್ನು ದಾಟಿತು. ದಕ್ಷಿಣ ಪೆಸಿಫಿಕ್‌ನಲ್ಲಿರುವ ಆ ಬಿಂದುವಿನಿಂದ ಯಾವ ದಿಕ್ಕಿಗೆ ಹೋದರೂ ಹತ್ತಿರದ ನೆಲ ಸುಮಾರು 2,688 ಕಿಲೋಮೀಟರ್ ದೂರ. ಭೂಮಿಯ ಮೇಲೆ ನೆಲದಿಂದ ಅಷ್ಟು ದೂರದ ಜಾಗ ಇನ್ನೊಂದಿಲ್ಲ. ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅದು ತಲೆಯ ಮೇಲೆ ಹಾದುಹೋಗುವಾಗ ಅಲ್ಲಿಯವರಿಗೆ ಹತ್ತಿರದ ನೆರೆಯವರು ಗಗನಯಾತ್ರಿಗಳು! ನೀಮೋದ ಅಕ್ಷಾಂಶ ದಕ್ಷಿಣ 48.88, ರೇಖಾಂಶ ಪಶ್ಚಿಮ 123.39. ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್ ಹಾಕಬೇಕು. ಎರಡೂ ಮೈನಸ್ ಬಿಟ್ಟರೆ ಚುಕ್ಕಿ ಚೀನಾದ ಈಶಾನ್ಯದಲ್ಲಿ ಒಣ ನೆಲದ ಮೇಲೆ ಬೀಳುತ್ತದೆ. ಡೆಬಿಟ್ ಜಾಗದಲ್ಲಿ ಕ್ರೆಡಿಟ್ ಬರೆದರೆ ತಾಳೆಪಟ್ಟಿ ಕೂಡುವುದಿಲ್ಲ ಎಂದು ನಮ್ಮ ಲೆಕ್ಕಶಾಸ್ತ್ರದ ಸರ್ ಹೇಳುವುದೂ ಇದನ್ನೇ.

ನಕ್ಷೆಯೂ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದು ಇನ್ನೊಂದು ಪಾಠ. ಮೊಬೈಲಿನ ಚಪ್ಪಟೆ ನಕ್ಷೆ 1569ರಲ್ಲಿ ಮರ್ಕೇಟರ್ ರೂಪಿಸಿದ ಕ್ರಮದ ಮೇಲೆ ನಿಂತಿದೆ. ಧ್ರುವಗಳ ಕಡೆ ಹೋದಂತೆ ಅದು ಎಲ್ಲವನ್ನೂ ಹಿಗ್ಗಿಸುತ್ತದೆ. ಸಮಭಾಜಕದ ಬಳಿ 100 ಕಿಲೋಮೀಟರ್ ಎಷ್ಟು ಉದ್ದ ಕಾಣುತ್ತದೋ, ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರದ ಬಳಿ ಅಷ್ಟೇ ದೂರ ಸುಮಾರು ಒಂದೂಮುಕ್ಕಾಲು ಪಟ್ಟು ಉದ್ದ ಕಾಣುತ್ತದೆ. ನೇರ ಗೆರೆಯೂ ಅಷ್ಟೆ. ನ್ಯೂಯಾರ್ಕ್‌ನಲ್ಲಿ ಕಿಬ್ಲಾ ಆ್ಯಪ್ ತೆರೆದರೆ ಮುಳ್ಳು ತೋರಿಸುವುದು ಈಶಾನ್ಯವನ್ನು. ಚಪ್ಪಟೆ ನಕ್ಷೆ ನೋಡಿದವರಿಗೆ ಮೆಕ್ಕಾ ಆಗ್ನೇಯಕ್ಕೆ ಇದ್ದಂತೆ ಕಾಣುತ್ತದೆ. ದುಂಡನೆಯ ಭೂಮಿಯ ಮೇಲೆ ಹತ್ತಿರದ ದಾರಿ ಬಾಗಿರುತ್ತದೆ, ಅಷ್ಟೇ ಗುಟ್ಟು. ಗೂಗಲ್ ಅರ್ಥ್‌ನಲ್ಲಿ ಗೋಳವನ್ನು ಬೆರಳಿನಿಂದ ತಿರುಗಿಸಿ, ಅಳತೆಯ ಗೆರೆ ಎಳೆದು ನೋಡಿದರೆ ಇದು ಒಂದು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಚುಕ್ಕಿ ‘ಎಲ್ಲಿ’ ಎಂದು ಹೇಳುತ್ತದೆ, ‘ಹೇಗೆ’ ಎಂದು ಹೇಳುವುದಿಲ್ಲ.

ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು. ದಾರಿ ಹುಡುಕಲು ಜಿಪಿಎಸ್ ಬಳಸುವಂತಿಲ್ಲ. ಸೆಕ್ಸ್‌ಟಂಟ್ ಹಿಡಿದು ಸೂರ್ಯ, ನಕ್ಷತ್ರ ಅಳೆದು ಕಾಗದದ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಆದರೆ ಪ್ರತಿ ದೋಣಿಯಲ್ಲೂ ಉಪಗ್ರಹಕ್ಕೆ ಸುದ್ದಿ ಕಳಿಸುವ ಟ್ರ್ಯಾಕರ್ ಇರುತ್ತದೆ. ಹಾಗಾಗಿ ದೋಣಿ ಎಲ್ಲಿದೆ ಎಂಬುದು ಮನೆಯಲ್ಲಿ ಕೂತ ನಮಗೆ ಗೊತ್ತಿರುತ್ತದೆ, ದೋಣಿ ನಡೆಸುವವರು ಮಾತ್ರ ತಾವೇ ಲೆಕ್ಕ ಹಾಕಿ ತಿಳಿಯಬೇಕು! 2018ರ ಸ್ಪರ್ಧೆಯಲ್ಲಿ ನಮ್ಮ ದೇಶದ ಕಮಾಂಡರ್ ಅಭಿಲಾಷ್ ಟಾಮಿ ಇದ್ದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ‘ತುರಿಯಾ’ದ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ಭಾರಿ ಪೆಟ್ಟಾಯಿತು. ಎದ್ದು ಓಡಾಡಲೂ ಆಗದೆ ಮಲಗಿದ್ದರು. ಆ ಜಾಗ ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ. ಅವರು ಎಲ್ಲಿದ್ದಾರೆ ಎಂದು ಜಗತ್ತಿಗೆ ಗೊತ್ತಿತ್ತು. ನಮ್ಮ ನೌಕಾಪಡೆಯ ವಿಮಾನ ಮೇಲಿನಿಂದ ದೋಣಿಯನ್ನು ಕಂಡೂ ಆಗಿತ್ತು. ಆದರೂ ಫ್ರಾನ್ಸಿನ ‘ಒಸಿರಿಸ್’ ಎಂಬ ಹಡಗು ಬಂದು ಅವರನ್ನು ಎತ್ತಿಕೊಂಡದ್ದು 24ನೇ ತಾರೀಕಿಗೆ. ಜಾಗ ಗೊತ್ತಿರುವುದು ಬೇರೆ, ಕೈ ಚಾಚಿ ಮುಟ್ಟುವುದು ಬೇರೆ. ಅದೇ ಟಾಮಿ 2022ರ ಸ್ಪರ್ಧೆಗೆ ಮತ್ತೆ ಹೋಗಿ ಎರಡನೆಯವರಾಗಿ ದಡ ಸೇರಿದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ಅವರು ದಾರಿಯಲ್ಲಿ ದೋಣಿ ಮುಳುಗಿದ ಇನ್ನೊಬ್ಬ ಸ್ಪರ್ಧಿಯನ್ನು ಕಾಪಾಡಿದ್ದರು. ಬರೀ ಚುಕ್ಕಿ ನೋಡಿದವರಿಗೆ ಅವರ ದೋಣಿ ದಾರಿ ಬಿಟ್ಟು ತಿರುಗಿದ್ದಷ್ಟೇ ಕಾಣುತ್ತದೆ. ಯಾಕೆ ತಿರುಗಿತು ಎಂಬುದಕ್ಕೆ ವಿವರ ಬೇಕು.

ಇದು ದೂರದ ಕಡಲಿನ ಮಾತು ಮಾತ್ರ ಅಲ್ಲ. ನಮ್ಮ ಕಾಲೇಜಿನ ಎಷ್ಟೋ ಹುಡುಗಿಯರ ಮೊಬೈಲಿನಲ್ಲಿ ಲೈವ್ ಲೊಕೇಶನ್ ಸದಾ ಆನ್ ಇರುತ್ತದೆ. ನಮ್ಮ ಅಮ್ಮೀ ಕೂಡ ಸಂಜೆ ನಾಲ್ಕೂವರೆಯಿಂದ ನನ್ನ ಚುಕ್ಕಿಯನ್ನು ನೋಡುತ್ತಿರುತ್ತಾರೆ. ಬಸ್ಸು ಕೆಟ್ಟು ನಿಂತರೆ ಚುಕ್ಕಿ ನಿಲ್ಲುತ್ತದೆ. ಅಲ್ಲಿ ಅಮ್ಮೀಗೆ ಎದೆ ಡವಡವ, ಇಲ್ಲಿ ನಾವು ಗೆಳತಿಯರು ಕಡಲೆಕಾಯಿ ತಿನ್ನುತ್ತ ಕೂತಿರುತ್ತೇವೆ. ನೆಟ್‌ವರ್ಕ್ ಹೋದರಂತೂ ಕೇಳಬೇಡಿ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ತಪ್ಪು ಅನ್ನುವುದಿಲ್ಲ. ಆದರೆ ಪಿಯುಸಿ ಆದಮೇಲೆ ಬೇರೆ ಊರಿಗೆ ಡಿಗ್ರಿಗೆ ಕಳಿಸುವುದೋ ಬೇಡವೋ ಎಂಬ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿದೆ. ಆ ನಿರ್ಧಾರ ಚುಕ್ಕಿಯ ಮೇಲೆ ನಿಲ್ಲಬಾರದು, ಮಾತಿನ ಮೇಲೆ ನಿಲ್ಲಬೇಕು. ತಾರಿಣಿಯ ಇಬ್ಬರೂ ಮೂರು ವರ್ಷ ತರಬೇತಿ ಪಡೆದು, ಚಿಕ್ಕ ಚಿಕ್ಕ ಯಾನ ಮುಗಿಸಿ, ಆಮೇಲೆ ದೊಡ್ಡದಕ್ಕೆ ಹೊರಟವರು. ಅವರ ಸುರಕ್ಷತೆ ಇದ್ದದ್ದು ಆ ತಯಾರಿಯಲ್ಲಿ. ಇದನ್ನು ಬಿಡಿಸಿ ಹೇಳಿದ ಮೇಲೆ ದಾದಿಯೇ ಅಮ್ಮೀಗೆ, “ಹುಡುಗಿಗೆ ಮೊದಲು ಕಲಿಸು, ಆಮೇಲೆ ಕಳಿಸು” ಅಂದರು. ನನಗೆ ಅಷ್ಟು ಸಾಕು.

ಚುಕ್ಕಿ ಮಾಯವಾದರೆ ಹಡಗು ಮುಳುಗಿದೆ ಎಂದೂ ಅಲ್ಲ. ಅಂತರರಾಷ್ಟ್ರೀಯ ಯಾನ ಮಾಡುವ 300 ಟನ್ನೇಜ್‌ಗಿಂತ ದೊಡ್ಡ ಹಡಗುಗಳಲ್ಲಿ ‘ಎಐಎಸ್’ ಎಂಬ ಉಪಕರಣ ಕಡ್ಡಾಯ. ಅದು ತನ್ನ ಹೆಸರು, ಜಾಗ, ವೇಗಗಳನ್ನು ರೇಡಿಯೊದಲ್ಲಿ ಸಾರುತ್ತಿರುತ್ತದೆ. ದಡದ ಮೇಲಿನ ಆಂಟೆನಾಗಳಿಗೆ ಅದು ಕೇಳಿಸುವುದು ಸಾಮಾನ್ಯವಾಗಿ 40 ನಾಟಿಕಲ್ ಮೈಲಿಯ ಆಸುಪಾಸಿನವರೆಗೆ. ಅದರಾಚೆಗೆ ಉಪಗ್ರಹ ಬೇಕು, ಉಪಗ್ರಹದ ಮಾಹಿತಿಗೆ ಹಲವು ಕಡೆ ದುಡ್ಡು ಕೊಡಬೇಕು. ಎರಡು ಚುಕ್ಕಿಗಳ ನಡುವೆ ಕಂಪ್ಯೂಟರ್ ಎಳೆಯುವ ಗೆರೆಯೂ ಊಹೆಯೇ ಹೊರತು ಹಡಗು ನಿಜವಾಗಿ ಹೋದ ದಾರಿಯಲ್ಲ.

ಹಾಗಾದರೆ ನಂಬುವುದು ಏನನ್ನು? ಬರೆದಿಟ್ಟ ಲೆಕ್ಕವನ್ನು. 1915ರ ನವೆಂಬರ್ 21ರಂದು ಶ್ಯಾಕಲ್ಟನ್ ತಂಡದ ‘ಎಂಡ್ಯೂರೆನ್ಸ್’ ಹಡಗು ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕು ಮುಳುಗಿತು. ಕ್ಯಾಪ್ಟನ್ ಫ್ರಾಂಕ್ ವರ್ಸ್‌ಲಿ ಸೆಕ್ಸ್‌ಟಂಟ್‌ನಿಂದ ಲೆಕ್ಕ ಹಾಕಿ ಆ ಜಾಗವನ್ನು ಬರೆದಿಟ್ಟಿದ್ದರು. 2022ರ ಮಾರ್ಚ್‌ನಲ್ಲಿ ಹಡಗು 3,008 ಮೀಟರ್ ಆಳದಲ್ಲಿ ಸಿಕ್ಕಿತು, ಅವರು ಬರೆದ ಜಾಗದಿಂದ ಸುಮಾರು ನಾಲ್ಕು ಮೈಲಿ ದೂರದಲ್ಲಿ! ಅವರ ಬಳಿ ಉಪಗ್ರಹ ಇರಲಿಲ್ಲ, ಮೊಬೈಲ್ ಇರಲಿಲ್ಲ. ನೂರಾರು ವರ್ಷಗಳ ಹಿಂದೆ ಅರಬ್ ನಾವಿಕರು ‘ಕಮಾಲ್’ ಎಂಬ ಸಣ್ಣ ಮರದ ಹಲಗೆಯನ್ನೂ ಗಂಟು ಹಾಕಿದ ದಾರವನ್ನೂ ಹಿಡಿದು ಧ್ರುವನಕ್ಷತ್ರದ ಎತ್ತರ ಅಳೆಯುತ್ತಿದ್ದರು. ಉಪಕರಣ ಯಾವುದೇ ಇರಲಿ, ಅಳೆಯುವುದು, ಬರೆಯುವುದು, ಮರುದಿನ ತಾಳೆ ನೋಡುವುದು ಬದಲಾಗಿಲ್ಲ. ನಾವು ಲೆಕ್ಕಶಾಸ್ತ್ರದಲ್ಲಿ ಜರ್ನಲ್ ಬರೆಯುವಾಗ ಪ್ರತಿ ನಮೂದಿನ ಕೆಳಗೆ ವಿವರಣೆ ಬರೆಯುತ್ತೇವಲ್ಲ, ಹಾಗೆಯೇ. ವಿವರಣೆ ಇಲ್ಲದ ಚುಕ್ಕಿ ವೋಚರ್ ಇಲ್ಲದ ಖರ್ಚಿನಂತೆ.

“ಕಾಮರ್ಸ್‌ನವರಿಗೆ ಇದೆಲ್ಲ ಯಾಕಮ್ಮ?” ಎಂದು ಕೇಳಿದವರಿದ್ದಾರೆ. ವ್ಯವಹಾರ ಅಧ್ಯಯನದಲ್ಲಿ ನಾವು ಸಾಗರ ವಿಮೆ ಓದುತ್ತೇವೆ, ಬಿಲ್ ಆಫ್ ಲೇಡಿಂಗ್ ಓದುತ್ತೇವೆ. ಹಡಗು ಯಾವ ದಾರಿಯಲ್ಲಿ, ಎಷ್ಟು ದಿನ, ಎಂಥ ಗಾಳಿಯಲ್ಲಿ ಹೋಗುತ್ತದೆ ಎಂದು ತಿಳಿಯದೆ ವಿಮೆಯ ಅಪಾಯ ಎಂಬ ಪದಕ್ಕೆ ಏನು ಅರ್ಥ? 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಸೂಯೆಜ್ ಕಾಲುವೆಗೆ ಅಡ್ಡವಾಗಿ ಆರು ದಿನ ಸಿಕ್ಕಿಕೊಂಡಾಗ, ಹಿಂದೆ ಸಾಲುಗಟ್ಟಿದ ನೂರಾರು ಹಡಗುಗಳು ಇದೇ ನಕ್ಷೆಗಳಲ್ಲಿ ಕಂಡವು. ನಮ್ಮ ಪಠ್ಯದ ಒಂದು ಅಧ್ಯಾಯವೇ ಅಲ್ಲಿ ನಿಂತಿತ್ತು. ಇನ್ನು, ಇದು ಮೊಬೈಲ್ ಹಿಡಿಯಲು ಒಂದು ನೆಪ ಎನ್ನುವವರಿಗೆ ನನ್ನ ಉತ್ತರ: ದಿನಕ್ಕೆ ಹತ್ತು ನಿಮಿಷ, ಗ್ರಂಥಾಲಯದ ಒಂದೇ ಕಂಪ್ಯೂಟರ್, ಪಕ್ಕದಲ್ಲಿ ಒಂದು ರಿಜಿಸ್ಟರ್. ಅಷ್ಟೇ ಸಾಕು.

ಹಾಗಾಗಿ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಇದು. ವರ್ಷಕ್ಕೆ ಒಂದು ಯಾನವನ್ನು ಕಾಲೇಜು ಆರಿಸಿಕೊಳ್ಳಲಿ. ಮೊದಲನೆಯದಾಗಿ, 2025ರ ಮೇ 21ರಂದು ನಮ್ಮದೇ ರಾಜ್ಯದ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಆಗಬಹುದು. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಅದೇ ವರ್ಷದ ಡಿಸೆಂಬರ್ ಕೊನೆಗೆ ಗುಜರಾತಿನ ಪೋರಬಂದರಿನಿಂದ ಒಮಾನಿನ ಮಸ್ಕತ್ ಕಡೆಗೆ ಹಾಯಿ ಬಿಚ್ಚಿತು. ಕಲಾ ವಿಭಾಗದವರು ಆ ಹಳೆಯ ವ್ಯಾಪಾರದ ಇತಿಹಾಸ ಬರೆಯಲಿ, ವಿಜ್ಞಾನದವರು ‘ವಿಂಡಿ’ಯಂಥ ತಾಣದಲ್ಲಿ ಗಾಳಿಯ ದಿಕ್ಕು ನೋಡಿ ಹೇಳಲಿ, ದೂರ ಮತ್ತು ದಿನಗಳ ಲೆಕ್ಕ ನಮ್ಮ ಪಾಲಿಗಿರಲಿ. ಯಾವ ಸುದ್ದಿ ಎಲ್ಲಿಂದ ಸಿಕ್ಕಿತು ಎಂಬುದನ್ನೂ ರಿಜಿಸ್ಟರಿನಲ್ಲಿ ಬರೆಯೋಣ. ಸಿಗದ ದಿನದ ಜಾಗವನ್ನು ಖಾಲಿ ಬಿಡೋಣ, ಊಹೆಯಿಂದ ತುಂಬುವುದು ಬೇಡ.

ಎಕ್ಸೆಲ್ ಹಾಳೆಯ ಕಾಲಂಗಳನ್ನು ನಾನು ಮಾಡಿಟ್ಟಿದ್ದೇನೆ. ಆಸಕ್ತಿ ಇರುವವರು ಗ್ರಂಥಾಲಯದ ಮೇಡಂ ಬಳಿ ಹೆಸರು ಕೊಡಿ. ಐದು ಜನ ಸೇರಿದರೂ ಶುರು ಮಾಡೋಣ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ