ಅಳಿವೆಯ ಕೆಸರನ್ನೂ ಪರೀಕ್ಷಿಸಲಿ

2024ರ ಮೇ ತಿಂಗಳಲ್ಲಿ ಎರ್ನಾಕುಳಂ ಜಿಲ್ಲೆಯ ಏಲೂರು, ಎಡಯಾರ್ ಪರಿಸರದ ಪೆರಿಯಾರ್ ಹೊಳೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದಾಗ ಅಧಿಕೃತರು ಎಚ್ಚೆತ್ತರು. ನೀರಿನ ಮಾದರಿ ತೆಗೆದರು. ಕಾರಣದ ಬಗ್ಗೆ ವಾದ ಪ್ರತಿವಾದವೂ ನಡೆಯಿತು. ಆದರೆ ಆ ಹೊಳೆಯ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳಿಗೆ ಪೆಟ್ಟು ಬಿದ್ದುದು ಅದಕ್ಕೆ ಎಷ್ಟೋ ಮೊದಲು.

ಏಲೂರಿನ ಸುತ್ತ 1940ರ ದಶಕದಿಂದಲೇ ಕಾರ್ಖಾನೆಗಳು ಎದ್ದಿವೆ. ಸತು, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಹೊಳೆಯೊಡನೆ ಇಳಿದು ಕೊಚ್ಚಿಯ ಅಳಿವೆಯನ್ನು ಸೇರಿದವು. ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ ತೇಲುವ ನಯಮಣ್ಣು ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಲೋಹವೂ ಅದರ ಬೆನ್ನಿಗೇ ಇಳಿಯುತ್ತದೆ. ಕಸಕಡ್ಡಿ ಕೊಳೆತರೆ ಮಣ್ಣಾದೀತು, ಲೋಹ ಕೊಳೆಯುವಂಥದ್ದಲ್ಲ. ಎಡಯಾರಿನಲ್ಲಿ 1967ರಲ್ಲಿ ಆರಂಭವಾದ ಸತುವಿನ ಕಾರ್ಖಾನೆ ಮುಚ್ಚಿದೆ. ಕೆಸರಿಗೆ ಸೇರಿದ್ದು ಅಷ್ಟು ಸುಲಭದಲ್ಲಿ ಹೋಗುವುದಿಲ್ಲ.

ಸೂಕ್ಷ್ಮಾಣುಗಳೆಂದರೆ ರೋಗಾಣುಗಳೆಂದೇ ಹಲವರ ಎಣಿಕೆ. ನಮ್ಮ ಪಾಠ ಹೇಳುವ ಕ್ರಮದ ದೋಷವೂ ಅದರಲ್ಲಿರಬಹುದು. ಕೊಳೆತ ಎಲೆ, ಸತ್ತ ಮೀನು, ಊರಿನ ಚರಂಡಿ ನೀರು ಎಲ್ಲವನ್ನೂ ತಮ್ಮ ಕಿಣ್ವಗಳಿಂದ ಒಡೆದು ಅಳಿವೆಯನ್ನು ಶುಚಿಯಾಗಿಡುವವು ಅವೇ. ಲೋಹವು ಆ ಕಿಣ್ವಗಳಿಗೇ ಅಂಟಿ ಕೆಲಸ ಕೆಡಿಸುತ್ತದೆ. ತಾಳಲಾರದವು ಅಳಿಯುತ್ತವೆ, ತಾಳಬಲ್ಲ ಕೆಲವೇ ಬಗೆಗಳು ಹೆಚ್ಚುತ್ತವೆ. ಕೊಚ್ಚಿಯ ಅಳಿವೆಯ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿರುವುದನ್ನೂ ಕಿಣ್ವಗಳಲ್ಲಿ ವ್ಯತ್ಯಾಸವಾಗಿರುವುದನ್ನೂ ತೋರಿಸಿಕೊಟ್ಟಿದೆ. ಲೋಹವನ್ನು ತಾಳಿಕೊಂಡ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ಆಂಟಿಬಯೋಟಿಕ್ ಮದ್ದಿಗೂ ಬಗ್ಗುವುದಿಲ್ಲ; ಆ ಗುಣ ಒಂದರಿಂದ ಇನ್ನೊಂದಕ್ಕೆ ದಾಟಲೂ ಬಲ್ಲುದು. ಹಾಗಾಗಿ ಇದು ಬರೀ ಮೀನುಗಾರರ ಚಿಂತೆಯಲ್ಲ.

ಏಲೂರು ದೂರದ ಊರೆಂದು ನಾವು ಸುಮ್ಮನಿರುವಂತಿಲ್ಲ. ಎಂಡೋಸಲ್ಫಾನ್ ತಯಾರಿಸುತ್ತಿದ್ದ ಕಾರ್ಖಾನೆಗಳಲ್ಲೊಂದು ಅಲ್ಲೇ ಇತ್ತು. ಅದು ಲೋಹವಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಸುರಿದ ಆ ವಿಷದ ಪರಿಣಾಮವನ್ನು ರುಜುವಾತು ಮಾಡುವ ಹೊರೆ ಬಿದ್ದುದು ನರಳಿದವರ ಹೆಗಲಿಗೆ.

ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ದಡದಲ್ಲಿ ಏಲೂರಿನಂತೆ ಕಾರ್ಖಾನೆಗಳ ಸಾಲಿಲ್ಲ. ಇವುಗಳ ಅಳಿವೆಯ ಕೆಸರಿನಲ್ಲಿ ಯಾವ ಲೋಹ ಎಷ್ಟಿದೆ, ಸೂಕ್ಷ್ಮಾಣುಗಳು ಯಾವುವು ಎಂದು ಅಳೆದು ದಾಖಲಿಸಲು ಇದೇ ತಕ್ಕ ಸಮಯ. ಮಾಲಿನ್ಯ ನಿಯಂತ್ರಣ ಮಂಡಳಿಯು ಮಳೆಗಾಲದ ಮೊದಲೊಮ್ಮೆ, ಅನಂತರವೊಮ್ಮೆ ಈ ಪರೀಕ್ಷೆ ನಡೆಸಬೇಕು. ಹೂಳೆತ್ತಲು ಅನುಮತಿ ಕೊಡುವ ಮುನ್ನವಂತೂ ಇದು ಕಡ್ಡಾಯವಾಗಬೇಕು. ಕೆಸರು ಕಲಕಿದರೆ ಗಂಧಕದೊಡನೆ ಸೆರೆಯಾಗಿದ್ದ ಲೋಹ ಮರಳಿ ನೀರಿಗೆ ಬರುತ್ತದೆ. ಫಲಿತಾಂಶವು ಮಲೆಯಾಳದ ಜೊತೆ ಕನ್ನಡದಲ್ಲೂ ಪಂಚಾಯತು ಕಚೇರಿಯ ಗೋಡೆಯಲ್ಲಿ ಕಾಣಿಸಲಿ. ಹೊಳೆಗಿಳಿದು ಮರುವಾಯಿ ಹೆಕ್ಕುವವರಲ್ಲಿ ಕನ್ನಡ ಮಾತ್ರ ಓದಬಲ್ಲವರೂ ಇದ್ದಾರೆ.