ನರ್ಸಿಂಗ್‌ನಲ್ಲಿ ಡಿಎನ್‌ಪಿ: ಸಾಲ ಮಾಡುವ ಮುಂಚೆ ತಿಳಿಯಬೇಕಾದ್ದು

ಮಂಗಳೂರು: ಬಿಎಸ್ಸಿ ನರ್ಸಿಂಗ್ ಮುಗಿಸಿ ಅಮೆರಿಕದ ಕಡೆ ನೋಡುವ ಕರಾವಳಿಯ ಮಕ್ಕಳು ಡಿಎನ್‌ಪಿ, ಅಂದರೆ ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’, ಏನೆಂದು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು.

ಇದು ಪಿಎಚ್‌ಡಿ ಅಲ್ಲ. ಪಿಎಚ್‌ಡಿ ಹೊಸ ಸಂಶೋಧನೆ ಮಾಡುವವರಿಗೆ. ಡಿಎನ್‌ಪಿ ಇರುವುದು ಗೊತ್ತಿರುವ ಸಂಶೋಧನೆಯನ್ನು ವಾರ್ಡಿಗೆ ತರುವವರಿಗೆ. ಬಿಎಸ್ಸಿ ನಂತರ ನಿಗದಿತ ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು. ಕೊನೆಗೆ ದಪ್ಪ ಪ್ರಬಂಧದ ಬದಲು ಒಂದು ಸುಧಾರಣೆಯ ಪ್ರಾಜೆಕ್ಟ್: ಐಸಿಯುನಲ್ಲಿ ಸೋಂಕು ತಗ್ಗಿಸುವುದೋ, ವಯಸ್ಸಾದವರು ಬಿದ್ದು ಪೆಟ್ಟಾಗದಂತೆ ನೋಡಿಕೊಳ್ಳುವುದೋ, ಇಂಥದ್ದು.

ಹಾಗಾದ್ರೆ ಎಲ್ಲರಿಗೂ ಇದು ಬೇಕಾ? ಬೇಡ. ಉನ್ನತ ಮಟ್ಟದ ನರ್ಸಿಂಗ್‌ಗೆಲ್ಲ 2015ರೊಳಗೆ ಡಿಎನ್‌ಪಿಯೇ ಅರ್ಹತೆಯಾಗಲಿ ಎಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ ಹೇಳಿತ್ತು. ಆ ಗಡುವು ದಾಟಿ ವರ್ಷಗಳೇ ಆದವು. ಮಾಸ್ಟರ್ಸ್ ಮಾಡಿದವರೂ ನರ್ಸ್ ಪ್ರಾಕ್ಟೀಷನರ್ ಆಗ್ತಾ ಇದ್ದಾರೆ. ಅನಸ್ತೇಶಿಯಾ ನರ್ಸ್ ಆಗುವವರ ಕಥೆ ಬೇರೆ. 2022ರಿಂದ ಹೊಸದಾಗಿ ಸೇರುವವರಿಗೆ ಡಾಕ್ಟರೇಟ್ ಮಟ್ಟದ ಕೋರ್ಸೇ ಕಡ್ಡಾಯ. ಯಾವ ದಾರಿ ಹಿಡಿದರೂ ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಎನ್‌ಕ್ಲೆಕ್ಸ್ ಪಾಸಾಗಲೇಬೇಕು. ಅದರಿಂದ ಯಾರಿಗೂ ವಿನಾಯಿತಿ ಇಲ್ಲ.

ಕಷ್ಟ ಇರೋದು ವಾಪಸ್ ಬರುವವರಿಗೆ. ಇಲ್ಲಿ ಡಾಕ್ಟರೇಟ್ ಅಂದರೆ ಪಿಎಚ್‌ಡಿ, ಅದರ ದಾರಿ ಹೋಗುವುದು ಕಾಲೇಜಿನ ಪಾಠದ ಕೊಠಡಿಗೆ. ವಾರ್ಡಿಗೆ ಹತ್ತಿರವಾದದ್ದು ಅಂದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಎರಡು ವರ್ಷದ ‘ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್’ ಕೋರ್ಸ್. ಅದು ಸ್ನಾತಕೋತ್ತರ ಪದವಿ, ಡಾಕ್ಟರೇಟ್ ಅಲ್ಲ. ಅಲ್ಲಿ ಕಲಿತು ಬಂದ ಕೈಗೆ ಇಲ್ಲಿನ ರೋಗಿಯ ಪಕ್ಕದಲ್ಲೇ ಜಾಗ ಬೇಕೆಂದರೆ, ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆಯೇ ಊರಿನ ಆಸ್ಪತ್ರೆಗಳಲ್ಲಿ ವಿಚಾರಿಸುವುದು ಒಳ್ಳೆಯದು: ಡಿಎನ್‌ಪಿ ಮಾಡಿದವರಿಗೆ ಯಾವ ಹುದ್ದೆ, ಎಷ್ಟು ಸಂಬಳ?