ಮನೆಗೆ ಕಳುಹಿಸುವ ಮುನ್ನ

ವಿಷ ಕುಡಿದ ಯುವಕನೊಬ್ಬನನ್ನು ಆಸ್ಪತ್ರೆಗೆ ತಂದರೆಂದು ಭಾವಿಸಿ. ಹೊಟ್ಟೆ ತೊಳೆಯುತ್ತಾರೆ, ಚುಚ್ಚುಮದ್ದು ಕೊಡುತ್ತಾರೆ, ಅಗತ್ಯಬಿದ್ದರೆ ವೆಂಟಿಲೇಟರಿನಲ್ಲಿಡುತ್ತಾರೆ. ರಕ್ತದೊತ್ತಡಕ್ಕೆ ಚೀಟಿಯಿದೆ, ಮೂತ್ರಕ್ಕೆ ಅಳತೆಯಿದೆ, ಬಿಲ್ಲಿಗಂತೂ ತಪ್ಪದ ಲೆಕ್ಕವಿದೆ. ಜೀವ ಉಳಿಯಿತೆಂದು ಮನೆಗೆ ಕಳುಹಿಸುತ್ತಾರೆ. ‘ಏನಾಗಿತ್ತಪ್ಪಾ ನಿನಗೆ?’ ಎಂದು ಪಕ್ಕದಲ್ಲಿ ಕುಳಿತು ಕೇಳಿದವರು ಯಾರು? ಅನೇಕ ಕಡೆ ಯಾರೂ ಇಲ್ಲ. ಮನೆಗೆ ಮರಳಿದರೆ ಅದೇ ಸಾಲ, ಅದೇ ಜಗಳ, ಅದೇ ಮೌನ.

ರೋಗಿಗಳನ್ನು ಕಾಣಲು ವಾರ್ಡುಗಳಲ್ಲಿ ಓಡಾಡುವ ಗುರುವಾಗಿ ಇದನ್ನು ಕಂಡಿದ್ದೇನೆ. ಇನ್ನೊಂದನ್ನೂ ಕಂಡಿದ್ದೇನೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಅಜ್ಜಿ ನಡುರಾತ್ರಿ ಯಾರನ್ನೋ ಕಂಡಂತೆ ಕೂಗುತ್ತಾಳೆ. ಕೈಗಳನ್ನು ಮಂಚಕ್ಕೆ ಕಟ್ಟುತ್ತಾರೆ. ದೆವ್ವ ಬಿಡಿಸಬೇಕೆಂದು ಮನೆಯವರು ನನಗೆ ಹೇಳಿಕಳುಹಿಸುತ್ತಾರೆ! ನಮ್ಮ ಹಿರಿಯರು ಅದನ್ನು ಸನ್ನಿ ಎಂದರು. ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿತ, ಕೆಲವು ಔಷಧಿಗಳು ಬುದ್ಧಿಯನ್ನು ಹೀಗೆ ಕಲಕಬಲ್ಲವು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಅನೇಕರು ಸುಧಾರಿಸುತ್ತಾರೆ. ನಾನು ಪ್ರಾರ್ಥಿಸಿದೆ. ಆದರೆ ಮೊದಲು ವೈದ್ಯರನ್ನು ಕರೆಸಿರೆಂದೆ.

ಸಾಮಾನ್ಯ ಆಸ್ಪತ್ರೆಯ ರೋಗಿಯ ಹಾಸಿಗೆಯ ಬಳಿಗೇ ಮನೋವೈದ್ಯರ ತಂಡ ಬರುವ ವ್ಯವಸ್ಥೆಗೆ ‘ಲಿಯೇಸಾನ್ ಸೈಕಿಯಾಟ್ರಿ’ ಎಂದು ಹೆಸರು. ಮನೋರೋಗದ ಚಿಕಿತ್ಸೆ ಸಾಮಾನ್ಯ ಆಸ್ಪತ್ರೆಗೆ ಹೊಸದೇನಲ್ಲ. 1933ರಲ್ಲೇ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯ ಕಾರ್ಮೈಕಲ್ ವೈದ್ಯಕೀಯ ಕಾಲೇಜಿನಲ್ಲಿ ಅದರ ಹೊರರೋಗಿ ವಿಭಾಗವನ್ನು ತೆರೆದಿದ್ದರು. ನಮಗೆ ಬೇಕಾಗಿರುವುದು ಎಲ್ಲ ಆಸ್ಪತ್ರೆಗಳೂ ಪಾಲಿಸಲೇಬೇಕಾದ ಮಾನದಂಡ. ಯಾರನ್ನು ತೋರಿಸಬೇಕು, ಎಷ್ಟು ಹೊತ್ತಿನೊಳಗೆ ತೋರಿಸಬೇಕು ಎಂಬುದನ್ನು ಆ ದಿನದ ಡ್ಯೂಟಿ ವೈದ್ಯರ ಮನಸ್ಸಿಗೆ ಬಿಡುವುದು ಚಿಕಿತ್ಸೆಯಲ್ಲ, ಅದೃಷ್ಟ ಪರೀಕ್ಷೆ.

ಬ್ರಿಟನ್ನಿನಲ್ಲಿ ಮನೋವೈದ್ಯರ ರಾಯಲ್ ಕಾಲೇಜು 2009ರಲ್ಲಿ ಇಂಥ ಸೇವೆಗಳನ್ನು ಒರೆಗೆ ಹಚ್ಚುವ ಮಾನ್ಯತಾ ಜಾಲವನ್ನು ಆರಂಭಿಸಿತು. ಪರಿಶೀಲಿಸುವ ತಂಡದಲ್ಲಿ ರೋಗಿಗಳಿಗೂ ಸ್ಥಾನವುಂಟು. ತುರ್ತು ವಿಭಾಗದಿಂದ ಕರೆ ಬಂದರೆ 1 ಗಂಟೆ, ವಾರ್ಡಿನಿಂದ ಬಂದರೆ 24 ಗಂಟೆ ಎಂಬ ಗಡುವನ್ನು ಅಲ್ಲಿ ಇಟ್ಟುಕೊಂಡಿದ್ದಾರೆ. ಎಲ್ಲ ಆಸ್ಪತ್ರೆಗಳೂ ಅದನ್ನು ಮುಟ್ಟಿಲ್ಲ, ನಿಜ. ಗಡುವಿದ್ದರೆ ತಾನೇ ತಪ್ಪಿತೆಂದು ಕೇಳಲು ಸಾಧ್ಯ?

‘ಮನೋವೈದ್ಯರೇ ಇಲ್ಲವಲ್ಲ ಫಾದರ್’ ಎನ್ನುತ್ತೀರಿ. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬರೂ ಸಿಗುವುದಿಲ್ಲ, ಒಪ್ಪಿದೆ. ಆದರೆ ಬ್ರಿಟನ್ನಿನಲ್ಲೂ ರೋಗಿಯ ಬಳಿ ಮೊದಲು ಬಂದು ಕೂರುವವರು ಬಹುಮಟ್ಟಿಗೆ ತರಬೇತಿ ಪಡೆದ ನರ್ಸುಗಳೇ. ನಿಮ್ಮ ಮನೆಯ ಮಗಳೇ ಅಲ್ಲಿ ಆ ಕೆಲಸದಲ್ಲಿರಬಹುದು! ಅದನ್ನು ಇಲ್ಲಿ ಕಲಿಸಲು ಅಡ್ಡಿ ಯಾವುದು? ತರಬೇತಾದ ಇಬ್ಬರು ನರ್ಸುಗಳು, ದೂರವಾಣಿಯಲ್ಲಿ ದೊರೆಯುವ ಒಬ್ಬ ವೈದ್ಯರು; ಚಿಕ್ಕ ಆಸ್ಪತ್ರೆಗೆ ಆರಂಭದಲ್ಲಿ ಅಷ್ಟು ಸಾಕು.

ಕಾನೂನೂ ಬದಲಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರು, ಬೇರೆ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಹಳೆಯ ದಂಡಸಂಹಿತೆಯ 309ನೆಯ ಕಲಮನ್ನು 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಕೈಬಿಡಲಾಗಿದೆ. ಆದರೂ ಪೊಲೀಸರಿಗೆ ಹೆದರಿ, ತಂಗಿಯ ಮದುವೆಗೆ ಹೆದರಿ ‘ಕೈತಪ್ಪಿ ಕುಡಿದ’ ಎಂದು ನೀವೇ ಬರೆಸುತ್ತೀರಿ. ನಿಮ್ಮನ್ನು ಮಾತ್ರ ದೂರಲಾರೆ. ಸಮಾಧಿಭೂಮಿಯ ಬಾಗಿಲು ಮುಚ್ಚಿದವರು ನಾವೂ ಹೌದು. 1917ರ ಧರ್ಮಸಭಾ ಸಂಹಿತೆಯಲ್ಲಿದ್ದ ಆ ನಿಷೇಧ 1983ರ ಸಂಹಿತೆಯಲ್ಲಿಲ್ಲ ಎಂಬುದನ್ನು ಎಷ್ಟು ಪ್ರಸಂಗಗಳಲ್ಲಿ ತಿಳಿಸಿದ್ದೇವೆ?

ಮುಂದಿನ ಸಲ ಬಿಡುಗಡೆಯ ಚೀಟಿಗೆ ಸಹಿ ಹಾಕುವ ಮುನ್ನ ಕೇಳಿ: ‘ಮನೋವೈದ್ಯರು ನೋಡಿದರೇ? ಮುಂದಿನ ಭೇಟಿ ಯಾವಾಗ?’ ಉತ್ತರವಿಲ್ಲದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ನೀವೇ ಕರೆಮಾಡಿ. ಇನ್ನು ಧರ್ಮಸಭೆಯ ಹೆಸರು ಹೊತ್ತ ಆಸ್ಪತ್ರೆಗಳು ಸರ್ಕಾರದ ಆದೇಶಕ್ಕೆ ಕಾಯುವುದೇಕೆ? ವಿಷ ಕುಡಿದು ಬಂದ ಒಬ್ಬರೂ ಈ ಭೇಟಿಯಿಲ್ಲದೆ ಮನೆಗೆ ಹೋಗಬಾರದೆಂದು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲೇ ಬರೆದಿಡಬಹುದು.